ಬೇರೆ ಒಲೆ

ಕೇಣಿಯ ನಾಗಿಯ ಬಾಯಿಗೆ ಊರ ನಾಯಿಯೂ ಹೆದರುತ್ತಿತ್ತು. ಅಂಕೋಲೆಯ ಮೀನುಪೇಟೆಯಲ್ಲಿ ಅವಳ ಜೊತೆ ಚೌಕಾಸಿಗೆ ಇಳಿದವರು ಮೀನಿನ ಜೊತೆ ನಾಲ್ಕು ಮಾತನ್ನೂ ಪುಕ್ಕಟೆಯಾಗಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಅಂಥ ನಾಗಿ ಈಚೆಗೆ ಕಿರಿಯ ಸೊಸೆ ಪ್ರೀತಿಯನ್ನು ಬೈಯುವುದನ್ನೇ ಬಿಟ್ಟಿದ್ದಳು. ಸಾರಿಗೆ ಉಪ್ಪು ಹೆಚ್ಚಾದರೂ "ಇರ್ಲಿ, ಅಡ್ಡಿಲ್ಲ" ಎನ್ನುತ್ತಿದ್ದಳು. ಪ್ರೀತಿಗೆ ಅದೇ ಚಿಂತೆಯಾಗಿತ್ತು. ಬೈಯುವ ಅತ್ತೆಯ ಜೊತೆ ಬಾಳಬಹುದು, ಅಡ್ಡಿಲ್ಲ ಎನ್ನುವ ಅತ್ತೆಯ ಜೊತೆ ಬಾಳುವುದು ಹೇಗೆ?

ವಿಷಯ ಇಷ್ಟೇ. ಪ್ರೀತಿಗೆ ಕಾರವಾರದಲ್ಲಿ ಸಮುದ್ರದ ಅಧ್ಯಯನ ಮಾಡುವ ಕಚೇರಿಯೊಂದರಲ್ಲಿ ಕೆಲಸ. ಗಂಡ ಜಗದೀಶನಿಗೆ ಸದಾಶಿವಗಡದಲ್ಲಿ ಬೋಟಿನ ಎಂಜಿನ್ ರಿಪೇರಿ. ದಿನಾ ಬಸ್ಸಿನಲ್ಲಿ ಹೋಗಿಬಂದು ಇಬ್ಬರ ಸೊಂಟವೂ ಬಿದ್ದುಹೋಗಿತ್ತು. ಸದಾಶಿವಗಡದಲ್ಲೇ ಬಾಡಿಗೆ ಮನೆ ಹಿಡಿದರು. ನಾಗಿಯೂ ಒಪ್ಪಿದ್ದಳು, ಹಿರಿಯ ಮಗ ರೋಷನ, ಅವನ ಹೆಂಡತಿ, ಮಕ್ಕಳೆಲ್ಲ ಇದ್ದು ಕೇಣಿಯ ಮನೆಯಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಆದರೆ ಪ್ರೀತಿ ಅತ್ತೆಗೆ ಹೊರೆಯಾಗಬಾರದೆಂದು ಒಂದು ಮಾತು ಆಡಿದ್ದಳು: "ಅತ್ತೆ, ನಮ್ಗೆ ಮನೆಯಿಂದ ಎಂತದೂ ಬ್ಯಾಡ. ಎಲ್ಲಾ ಹೊಸ್ದೇ ತಕಂಡೀವಿ." ಬೈಗುಳ ನಿಂತದ್ದು ಅಂದಿನಿಂದ. ಪ್ರೀತಿಗೆ ಮಾತ್ರ ಕಾರಣ ಹೊಳೆಯಲಿಲ್ಲ. ಒಳ್ಳೆಯ ಮಾತನ್ನೇ ಆಡಿದೆನಲ್ಲ ಎಂದುಕೊಂಡಿದ್ದಳು.

ಶನಿವಾರ ಮನೆ ಬದಲಿಸುವುದಿತ್ತು. ಹಿಂದಿನ ದಿನ ಕಚೇರಿಯಲ್ಲಿ ಇನ್ನೊಂದು ತಲೆನೋವು. ಪ್ರೀತಿ ಬರೆದ ಅಲೆಗಳ ಲೆಕ್ಕದ ಕಂಪ್ಯೂಟರ್ ಪ್ರೋಗ್ರಾಂ ಒಬ್ಬರ ತಲೆಯ ಮೇಲೆ ನಡೆಯುವಂಥದ್ದಲ್ಲ. ಒಟ್ಟಿಗೇ ಓಡುವ ಹತ್ತಾರು ಪ್ರೊಸೆಸ್‌ಗಳು ಕರಾವಳಿಯನ್ನು ತುಂಡು ತುಂಡಾಗಿ ಹಂಚಿಕೊಂಡು, ಒಂದಕ್ಕೊಂದು ಸಂದೇಶ ಕಳಿಸುತ್ತ ಲೆಕ್ಕ ಮಾಡುತ್ತವೆ. ಹಾಗೆ ತಮ್ಮೊಳಗೆ ಮಾತಾಡಿಕೊಳ್ಳುವ ಗುಂಪಿಗೆ ಕಮ್ಯುನಿಕೇಟರ್ ಎಂದು ಹೆಸರು. ಗುಂಪಿಗೆ ನಮಗೆ ಬೇಕಾದ್ದನ್ನು ಒಂದು ಕೀಲಿಯ ಗುರುತಿನಲ್ಲಿ ಕಟ್ಟಿಡಬಹುದು. ಅದು ಅಟ್ರಿಬ್ಯೂಟ್. ಪ್ರೀತಿ ಕಟ್ಟಿಟ್ಟದ್ದು ಸಮುದ್ರದ ಆಳದ ಕೋಷ್ಟಕವನ್ನು. ಗುಂಪಿನ ನಕಲು ತೆಗೆದಾಗ ಕಟ್ಟಿದ್ದು ಜೊತೆಗೆ ಹೋಗಬೇಕೋ ಬೇಡವೋ ಎಂದು ಕಟ್ಟಿದವರೇ ಮೊದಲೇ ಹೇಳಿಡಬೇಕು. ಹೊಸದು ಚೊಕ್ಕಟವಾಗಿರಲಿ ಎಂದು ಪ್ರೀತಿ 'ಬೇಡ' ಎಂದಿದ್ದಳು. ನಕಲು ಗುಂಪು ಆಳ ಹುಡುಕಿತು, ಸಿಗಲಿಲ್ಲ, ಅಲ್ಲೇ ನಿಂತಿತು.

"ಪಾಪ, ಅದ್ನ ಬರಿಗೈಲಿ ಕಳ್ಸಿದ್ಯಲ್ಲೇ ಮಾರಾಯ್ತಿ," ಎಂದಳು ಪಕ್ಕದ ಮೇಜಿನ ಕಾಶಿ, ಮಾಜಾಳಿಯವಳು.

ಪ್ರೀತಿ ತಿದ್ದಿದಳು. ಈ ಸಲ ನಕಲಿಗೆ, ಬೇರೆ ಪ್ರತಿ ಮಾಡದೆ, ಅದೇ ಕೋಷ್ಟಕದ ವಿಳಾಸ ಕೊಟ್ಟಳು. ಓಡಿತು! ಖುಷಿಯಲ್ಲಿ ಚಹಾ ತರಿಸುವಷ್ಟರಲ್ಲಿ ಮಗುಚಿ ಬಿತ್ತು. ಕೆಲಸ ಮುಗಿದ ನಕಲು ಗುಂಪು ಹೋಗುವಾಗ, ಹೇಳಿಟ್ಟಂತೆ, ತನಗೆ ಕಟ್ಟಿದ್ದನ್ನು ಅಳಿಸಿ ಹೋಗಿತ್ತು. ಮೂಲ ಗುಂಪು ನಂಬಿಕೊಂಡದ್ದೂ ಅದನ್ನೇ. ಕೊನೆಗೆ, ಮೂಲದ್ದು ಮೂಲದಲ್ಲೇ ಇರಲಿ, ನಕಲು ಅದನ್ನು ನೋಡಿ ತನ್ನದೊಂದು ಮಾಡಿಕೊಳ್ಳಲಿ ಎಂದು ಬರೆದಳು. ಪ್ರೋಗ್ರಾಂ ತಣ್ಣಗೆ ದಡ ಸೇರಿತು.

ಸಂಜೆ ಬಸ್ಸಿನಲ್ಲಿ ಕುಳಿತಾಗ ಪ್ರೀತಿಗೆ ತಟ್ಟನೆ ಹೊಳೆಯಿತು. 'ಎಂತದೂ ಬ್ಯಾಡ' ಎಂದು ತಾನು ಹೇಳಿದ್ದು ಕಂಪ್ಯೂಟರಿಗೆ ಮಾತ್ರವಲ್ಲ. ಈ ಮನೆಯದೇನೂ ನಮ್ಮ ಜೊತೆ ಬರುವುದು ಬೇಡ ಎಂದು ಅತ್ತೆಯ ಮುಖಕ್ಕೇ ಹೇಳಿದ್ದಳು. ಪಕ್ಕದಲ್ಲಿದ್ದ ಜಗದೀಶನಿಗೆ ಅದನ್ನು ಹೇಳಿದಳು.

"ಹಂಗಾದ್ರೆ ಅವ್ವನ ಅರಿಯೂ ಕಲ್ಲೇ ತಕಂಡ್ ಹೋಗ್ವಾ," ಎಂದ ಅವನು.

"ಆಮೇಲೆ ಅತ್ತೆ ಎಂತದ್ರಲ್ಲಿ ಅರೀಬೇಕು? ನಿಮ್ ತಲೆ ಮೇಲಾ?"

ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ನಾಗಿ ಕಟ್ಟಿಗೆ ಒಲೆಯ ಮುಂದಿದ್ದಳು. ಗ್ಯಾಸಿನ ಮೇಲೆ ಕುದಿಸಿದ್ದು ಮೀನುಸಾರಲ್ಲ, ಬಿಸಿನೀರು ಎಂದು ಅವಳ ವಾದ. ನೆರೆಮನೆಯ ಸುಕ್ರಿ ಧೂಪಕ್ಕೆಂದು ಕೆಂಡ ಕೇಳಿಕೊಂಡು ಬಂದಳು. ನಾಗಿ ಇಕ್ಕಳದಲ್ಲಿ ಎರಡು ಕೆಂಡ ಎತ್ತಿ ಕೊಟ್ಟಳು. ಸುಕ್ರಿ ಹೋದಳು, ಒಲೆ ಮೊದಲಿನಂತೆಯೇ ಉರಿಯುತ್ತಿತ್ತು. ಪ್ರೀತಿ ಚೀಲ ಹೆಗಲಲ್ಲಿರುವಂತೆಯೇ ಅತ್ತೆಯ ಪಕ್ಕ ಕುಕ್ಕರಿಸಿದಳು.

"ಅತ್ತೆ, ನಾಳೆ ನಮ್ಗೂ ಕೆಂಡ ಬೇಕು."

"ನಿಮ್ದು ಗ್ಯಾಸಲ್ವಾ? ಎಂತದೂ ಬ್ಯಾಡ ಅಂದಿದ್ಯಲ್ಲ."

"ಅಂದದ್ದು ತಪ್ಪಾಯ್ತು ಅತ್ತೆ. ಗ್ಯಾಸಾದ್ರೂ ಮೊದ್ಲ ಬೆಂಕಿ ಈ ಒಲೇದೇ ಆಗ್ಬೇಕು. ಇಲ್ದಿದ್ರೆ ಅದು ಯಾರ ಮನೆ?"

ನಾಗಿ ಅವಳತ್ತ ನೋಡಲಿಲ್ಲ. ಒಲೆಯನ್ನೇ ನೋಡುತ್ತ, "ಹುಣ್ಸೆ ಕಟ್ಗೆ ಹಾಕ್ಬೇಕು. ಅದ್ರ ಕೆಂಡ ಬೇಗ ಆರೂದಿಲ್ಲ," ಎಂದಳು.

ಮರುದಿನ ಸಾಮಾನು ಹೊರಟದ್ದು ರೋಷನನ ಮೀನಿನ ಟೆಂಪೋದಲ್ಲಿ. ಕೆಂಡವನ್ನು ಬೂದಿಯಲ್ಲಿ ಹೂತಿಟ್ಟ ಮಡಕೆಯನ್ನು ಪ್ರೀತಿ ಕೇಳಿದರೆ ನಾಗಿ ಕೊಡಲಿಲ್ಲ. ಯಾರೂ ಕರೆಯದೆ ಮುಂದಿನ ಸೀಟು ಹತ್ತಿ, ಗೋಣಿ ಮಡಿಸಿ ಕಾಲಬುಡದಲ್ಲಿಟ್ಟು, ಅದರ ಮೇಲೆ ಮಡಕೆ ಇಟ್ಟುಕೊಂಡು ಕುಳಿತಳು.

"ಅವ್ವಾ, ಇದು ಐಸ್ ಸಾಗ್ಸೂ ಗಾಡಿ, ಬೆಂಕಿ ಸಾಗ್ಸೂದಲ್ಲ," ಎಂದ ರೋಷನ.

"ಬಾಯಿ ಮುಚ್ಕಂಡು ರಸ್ತೆ ನೋಡು."

ಕಾಳಿ ಸೇತುವೆ ದಾಟುವಾಗ ಪ್ರೀತಿ ಮಡಕೆ ಮುಟ್ಟಿ ನೋಡಿದಳು. ಬರೀ ಉಗುರು ಬೆಚ್ಚಗಿತ್ತು. ಹೊಸ ಅಡುಗೆಮನೆಯಲ್ಲಿ ನಾಗಿ ಕುಳಿತು ಬೂದಿ ಕೆದಕಿದಳು. ಮೇಲೆಲ್ಲ ಕಪ್ಪು ಇದ್ದಿಲು. ಇನ್ನೂ ಕೆದಕಿದಳು. ತಳದಲ್ಲಿ ಗುಲಗಂಜಿಯಷ್ಟು ಕೆಂಪಿತ್ತು. ತೆಂಗಿನ ನಾರು ಒಡ್ಡಿ ಅತ್ತೆ ಒಂದು ಕಡೆಯಿಂದ, ಸೊಸೆ ಇನ್ನೊಂದು ಕಡೆಯಿಂದ ಊದಿದರು. ಹೊಗೆ ಎದ್ದಿತು, ನಾರು ಭಗ್ ಎಂದಿತು. ಜಗದೀಶ ಗ್ಯಾಸು ತಿರುಗಿಸಿದ. ನಾಗಿ ಉರಿಯುವ ನಾರನ್ನು ಒಲೆಗೆ ಮುಟ್ಟಿಸಿದಳು. ನೀಲಿ ಬೆಂಕಿ ಸುತ್ತಲೂ ಹತ್ತಿಕೊಂಡಿತು.

ನಾಗಿ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಸುತ್ತ ಒಮ್ಮೆ ಕಣ್ಣು ಹಾಯಿಸಿದಳು.

"ಏ ಹೆಣ್ಣೆ, ಕಿಟಕಿ ಬುಡಕ್ಕೆ ಒಲೆ ಇಟ್ಟಿದ್ಯಲ್ಲೇ, ಗಾಳಿಗೆ ಬೆಂಕಿ ನಿಲ್ತದಾ? ಇಷ್ಟು ಕಲ್ತು ಬುದ್ಧಿ ಎಲ್ಲಿ ಇಟ್ಟಿದ್ಯೆ? ಉಪ್ಪು ಅಷ್ಟು ಮೇಲೆ ಇಟ್ರೆ ನಾನು ಏಣಿ ಹಾಕ್ಬೇಕಾ?"

ನಾಗಿ ಬೈಯುತ್ತಲೇ ಹೋದಳು. ಬೈಯುತ್ತ ಒಲೆ ಸರಿಸಿದಳು, ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ತನ್ನ ಕೈಗೆಟುಕುವಲ್ಲಿ ಜೋಡಿಸಿದಳು, ರಾತ್ರಿಗೆ ಬಂಗಡೆ ತರಲು ಜಗದೀಶನನ್ನು ಓಡಿಸಿದಳು. ಪ್ರೀತಿಗೆ ತನ್ನದೇ ಅಡುಗೆಮನೆಯಲ್ಲಿ ನಿಲ್ಲಲು ಜಾಗ ಸಿಗಲಿಲ್ಲ. ಅವಳು ಬಾಗಿಲಿಗೆ ಒರಗಿ ನಗುತ್ತ, ಕಣ್ಣೊರೆಸಿಕೊಳ್ಳುತ್ತ, "ಹೌದು ಅತ್ತೆ, ಹೌದು ಅತ್ತೆ" ಎನ್ನುತ್ತಿದ್ದಳು.