ಸಪ್ನಾ ಮೆದಕ್‌ಗೆ ಹೋದ ಕ್ರಿಸ್‌ಮಸ್

ನನ್ನ ಗಂಡ ವಿಜಯಕುಮಾರನಿಗೆ ಇಲ್ಲ ಅನ್ನಲು ಬರುವುದಿಲ್ಲ. ಯಾರು ಏನು ಕೇಳಿದರೂ ಆಯ್ತ್ರಿ ಅನ್ನುತ್ತಾನೆ. ಹೈದರಾಬಾದಿನ ಸನತ್‌ನಗರದ ನಮ್ಮ ಗಲ್ಲಿಯವರೆಲ್ಲ ಅವನನ್ನು ದೇವರಂಥ ಮನುಷ್ಯ ಅಂತ ಹೊಗಳುತ್ತಾರೆ. ದೇವರಂಥ ಮನುಷ್ಯನ ಜೊತೆ ಒಂದು ವಾರ ಸಂಸಾರ ಮಾಡಿ ನೋಡಲಿ, ಆಗ ಗೊತ್ತಾಗುತ್ತದೆ.

ನಾನು ಅಮೀರ್‌ಪೇಟ್‌ನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ನಮ್ಮಲ್ಲಿ ಹಬ್ಬಕ್ಕೆ ರಜೆ ಇಲ್ಲ, ಅದಲುಬದಲು ಇದೆ. ನಿನ್ನ ಹಬ್ಬಕ್ಕೆ ನಾನು ದುಡಿಯುತ್ತೇನೆ, ನನ್ನ ಹಬ್ಬಕ್ಕೆ ನೀನು. ಇಡೀ ಲ್ಯಾಬಿಗೆ ಕ್ರಿಶ್ಚಿಯನ್ ನಾನೊಬ್ಬಳೇ. ಹಾಗಾಗಿ ದೀಪಾವಳಿಗೂ ನಾನೇ, ರಂಜಾನಿಗೂ ನಾನೇ. ಆದರೆ ನನ್ನ ಹಬ್ಬ ಬಂದಾಗ ಮಾತ್ರ ಯಾರಿಗಾದರೂ ಹೊಟ್ಟೆನೋವು ಶುರುವಾಗುತ್ತದೆ. ಕ್ರಿಸ್‌ಮಸ್ ದಿನ ನಾನು ಮನೆಯಲ್ಲಿ ಇದ್ದದ್ದು ನನ್ನ ಮಕ್ಕಳಿಗೆ ನೆನಪೇ ಇಲ್ಲ. ಅದಕ್ಕೇ ಈ ಸಲ ತೆಲಂಗಾಣದವರ ಬತುಕಮ್ಮ ಹಬ್ಬಕ್ಕೆ ತನ್ನ ಪಾಳಿ ಮಾಡು ಅಂತ ಲ್ಯಾಬಿನ ಸಪ್ನಾ ನನ್ನ ಕೈ ಹಿಡಿದು ಗೋಗರೆದಾಗ, ಕ್ರಿಸ್‌ಮಸ್ ದಿನ ನನ್ನ ಪಾಳಿ ನೀನು ಮಾಡಬೇಕು ಅಂತ ಎಲ್ಲರೆದುರೇ ಮಾತು ತೆಗೆದುಕೊಂಡೆ.

ಕ್ರಿಸ್‌ಮಸ್ ದಿನ ಚರ್ಚಿನಲ್ಲಿ ನಸುಕಿನ ಆರಾಧನೆ ಮುಗಿಸಿ ಬಂದವರೇ ಚಿಲಕ ಹಾಕಿಕೊಂಡೆವು. ನಾನು ನೈಟಿ ಹಾಕಿಕೊಂಡು ನೆಲದ ಮೇಲೆ ಕಾಲು ಚಾಚಿ ಕುಳಿತು ಹಿಟ್ಟು ಲಟ್ಟಿಸತೊಡಗಿದೆ. ಮಗಳು ಧನಶ್ರೀ ಕರ್ಚಿಕಾಯಿಗೆ ಹೂರಣ ತುಂಬುತ್ತಿದ್ದಳು. ಕಿರಿಯವ ಜಯಶೀಲ ತುಂಬಿದ್ದಕ್ಕಿಂತ ಹೆಚ್ಚು ಹೂರಣ ತಿನ್ನುತ್ತಿದ್ದ. ಕೋಳಿ ಸಾರು ಒಲೆಯ ಮೇಲೆ ಕುದಿಯುತ್ತಿತ್ತು. ಯಾರಿಗೂ ಎಲ್ಲಿಗೂ ಹೋಗುವ ಅವಸರವಿರಲಿಲ್ಲ. ಎಷ್ಟು ಹಾಯೆನಿಸಿತ್ತು ನನಗೆ, ಹೇಳಲಾರೆ.

ಅಷ್ಟರಲ್ಲಿ ಚಾರ್ಜಿಗೆ ಹಾಕಿದ್ದ ನನ್ನ ಫೋನು ಬಡಿದುಕೊಂಡಿತು. ನನ್ನ ಕೈಗೆ ಹಿಟ್ಟಾಗಿದೆ, ಬಿಡು, ತೆಗೀಬೇಡ ಅಂತ ಗಂಡನಿಗೆ ಅಂದೆ. ಕೇಳಬೇಕಲ್ಲ ಪುಣ್ಯಾತ್ಮ. ತೆಗೆದ. ಆ ಕಡೆ ನಮ್ಮ ಲ್ಯಾಬಿನ ಇನ್‌ಚಾರ್ಜ್ ಕೃಷ್ಣಾಬಾಯಿ, ಭಾಲ್ಕಿಯವರು. ಇವನಿಗೆ ನಮ್ಮೂರ ಕಡೆಯವರೆಂದರೆ ಮುಗಿಯಿತು. ಹ್ಞೂಂ, ಹ್ಞೂಂ ಅಂದು ಕೊನೆಗೆ, "ಆಯ್ತ್ರಿ ಅಕ್ಕಾರೆ, ಕಳಸ್ತೀನ್ರಿ" ಅಂದುಬಿಟ್ಟ.

ನನ್ನ ಮೈಯೆಲ್ಲ ಉರಿದುಹೋಯಿತು. ನನ್ನನ್ನು ಕಳಿಸಲು ಇವನ್ಯಾರು, ನಾನೇನು ಕೊರಿಯರ್ ಪಾರ್ಸಲ್ಲೇ? ಹಿಟ್ಟಿನ ಕೈಯಲ್ಲೇ ಫೋನು ಕಿತ್ತುಕೊಂಡು ಸಪ್ನಾ ಎಲ್ಲಿ ಸತ್ತಳು ಅಂತ ಕೇಳಿದೆ. ಕೃಷ್ಣಾಬಾಯಿ ತಣ್ಣಗೆ ಹೇಳಿದರು. ಸಪ್ನಾಳ ಮಕ್ಕಳು ಹಟ ಮಾಡಿದವಂತೆ, ಮನೆಮಂದಿಯೆಲ್ಲ ಟೆಂಪೋ ಮಾಡಿಕೊಂಡು ಮೆದಕ್ ಚರ್ಚು ನೋಡಲು ಹೋಗಿದ್ದಾರಂತೆ. ಕ್ರಿಸ್‌ಮಸ್ ದಿನ ಅಲ್ಲಿ ಭಾಳ ಚೆಂದ ಇರುತ್ತದಂತೆ.

ಇರದೆ ಏನು! ಹೈದರಾಬಾದಿನ ಅರ್ಧ ಜನ ಕ್ರಿಸ್‌ಮಸ್ ದಿನ ಮೆದಕ್ಕಿಗೆ ಓಡುತ್ತಾರೆ. ಮೋಂಬತ್ತಿ ಹಚ್ಚುತ್ತಾರೆ, ಮಕ್ಕಳಿಗೆ ಬಲೂನು ಕೊಡಿಸುತ್ತಾರೆ. ಯಾರು ಬೇಕಾದರೂ ಹೋಗಲಿ, ನನ್ನದೇನೂ ತಕರಾರಿಲ್ಲ. ಆದರೆ ನನ್ನ ಪಾಳಿ ಒಪ್ಪಿಕೊಂಡವಳು ನನ್ನದೇ ಹಬ್ಬ ನೋಡಲು ಹೋಗುವುದು, ನಾನು ಹಬ್ಬ ಬಿಟ್ಟು ಅವಳ ಬದಲಿಗೆ ಸೂಜಿ ಹಿಡಿಯುವುದು, ಇದ್ಯಾವ ನ್ಯಾಯ?

"ನಾ ಬರಂಗಿಲ್ರಿ," ಅಂದೆ. "ಆಕಿ ನನ್ನ ಹಬ್ಬ ನೋಡಾಕ ಹೋಗ್ಯಾಳ. ನಾ ಅದನ್ನ ಮಾಡಾಕತ್ತೀನಿ. ಮಂದಿ ಕಮ್ಮಿ ಬಿದ್ರ ನೀವ ಬಂದು ಕುಂಡ್ರಿ."

ಕೃಷ್ಣಾಬಾಯಿಗೆ ಇಂಥ ಮಾತು ಕೇಳಿ ಅಭ್ಯಾಸವಿಲ್ಲ. ಜನವರಿ ಪೂರ್ತಿ ನೈಟ್ ಡ್ಯೂಟಿ ಹಾಕುತ್ತೇನೆ ಅಂದರು. ಹಾಕ್ರಿ ಅಂದೆ. ನೆಂಟರಿದ್ದಾರೆ, ನಾನು ಹೇಗೆ ಬರಲಿ ಅಂತ ಗೊಣಗಿದರು. ಟೆಂಪೋ ಮಾಡ್ಕೊಂಡು ಬರ್ರಿ ಅಂದು ಫೋನಿಟ್ಟೆ. ವಿಜಯಕುಮಾರ ಗೋಡೆಗಂಟಿ ನಿಂತಿದ್ದ. ಪಾಪ, ಅಕ್ಕಾರಿಗೆ ಬೇಸರಾಯ್ತೇನೋ ಅಂದ. ಅವನಿಗೂ ಬಾಯಿಗೆ ಬಂದಂತೆ ಬೈದೆ. ಹೆಂಡತಿ ಮಕ್ಕಳು ಬಿಟ್ಟು ಉಳಿದವರೆಲ್ಲರ ಬೇಸರ ನಿನಗೆ ಗೊತ್ತಾಗುತ್ತದೆ ಅಂದೆ. ಸಾರು ತಿರುವಲು ಹೋದ.

ಗೆದ್ದೆ ಅಂದುಕೊಂಡು ತಿರುಗಿದೆ. ನೆಲ ಸ್ವಚ್ಛವಾಗಿತ್ತು. ಕಣಕದ ಮೇಲೆ ಒದ್ದೆ ಬಟ್ಟೆ ಮುಚ್ಚಿತ್ತು. ಜಯಶೀಲನ ಹೊಸ ಅಂಗಿ ಬಿಚ್ಚಿಸಿ, ಹಳೆಯದು ತೊಡಿಸಿ ಟಿವಿ ಮುಂದೆ ಕೂರಿಸಿಯಾಗಿತ್ತು. ನನ್ನ ಯೂನಿಫಾರ್ಮನ್ನು ಎದೆಗೆ ಅವಚಿಕೊಂಡು ಧನಶ್ರೀ ನಿಂತಿದ್ದಳು. ಫೋನು ಬಂತೆಂದರೆ ಏನೇನು ಮಾಡಬೇಕು ಎಂಬುದು ಆ ಕೂಸಿಗೆ ಪಾಠವಾಗಿತ್ತು. ನಾನು ಅಷ್ಟು ಕೂಗಾಡಿದರೂ ಹೋಗುವುದಿಲ್ಲ ಅಂತ ಅವಳಿಗೆ ಅನಿಸಿರಲೇ ಇಲ್ಲ.

"ಮಮ್ಮಿ, ನೀ ಹೋಗು," ಅಂದಳು. "ಕ್ರಿಸ್‌ಮಸ್ ನಾಳೆ ಐತಿ ಅಂತ ತಮ್ಮಗ ಹೇಳೀನಿ. ಪ್ರತಿ ವರ್ಷ ಹಂಗ ಹೇಳ್ತೀನಿ, ನಂಬ್ತಾನ."

ಸಪ್ನಾಳಿಗೆ, ಕೃಷ್ಣಾಬಾಯಿಗೆ, ಗಂಡನಿಗೆ ಬೈಯಲು ಮಾತಿತ್ತು, ಇದಕ್ಕೆ ಇರಲಿಲ್ಲ. ಅಳು ಬಂತು, ಅಳುವುದಕ್ಕೂ ಸಿಟ್ಟು ಬಿಡಲಿಲ್ಲ. ಅವಳ ಕೈಯಿಂದ ಯೂನಿಫಾರ್ಮ್ ತೆಗೆದುಕೊಂಡು ಬಚ್ಚಲಿಗೆ ಹೋಗಿ ಬಕೆಟ್ಟಿನ ನೀರಿನಲ್ಲಿ ಅದ್ದಿದೆ.

ಬಟ್ಟೆ ಪೂರ್ತಿ ಮುಳುಗುವವರೆಗೂ ಧನಶ್ರೀ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಹೋಗಿ, ಹೊಸ ಅಂಗಿ ಹೆಗಲ ಮೇಲೆ ಹಾಕಿಕೊಂಡು, ತಮ್ಮನ ಹಳೆಯ ಅಂಗಿಯ ಗುಂಡಿ ಬಿಚ್ಚತೊಡಗಿದಳು.