ರೆಕ್ಕೆಯೊಳಗೆ ಹೇಳಿದ ಮಾತು

"ಮನುಷ್ಯರಿಗೆ ಹೊಟ್ಟೆ ಅಂತ ಒಂದಿರುತ್ತೆ ಅಂತ ಈ ಕುರ್ಚಿ ಮಾಡಿದೋನಿಗೆ ಯಾರೂ ಹೇಳ್ಲಿಲ್ವಾ?"

ವರ್ನ್ ಟಟಲ್ ಯಾರ ಕಡೆಗೂ ನೋಡದೆ ಕೇಳಿದ. ಗೋಧಿ ಲಾರಿ ಓಡಿಸುವ ಭಾರಿ ಆಳು. ಮೇಜು, ಕುರ್ಚಿ ಎರಡನ್ನೂ ಒಂದೇ ಕಬ್ಬಿಣಕ್ಕೆ ಬೆಸೆದ ಮಕ್ಕಳ ಆಸನದೊಳಗೆ ಉಸಿರು ಬಿಗಿಹಿಡಿದು ಇಳಿಯುತ್ತಿದ್ದ.

"ಉಸಿರು ಬಿಟ್ಟೀಯ, ಮೇಜು ಹಾರಿಹೋಗುತ್ತೆ," ಎಂದಳು ಅವನ ಹೆಂಡತಿ ಗೇಲ್. ಇಡೀ ಕೋಣೆ ನಕ್ಕಿತು.

ಕ್ಯಾನ್ಸಸ್‌ನ ನಮ್ಮ ಊರಿನ ಹೈಸ್ಕೂಲಿನಲ್ಲಿ ಪ್ರತಿ ಸೆಪ್ಟೆಂಬರಿನ ಒಂದು ಸಂಜೆ ತಂದೆತಾಯಿಗಳೇ ಮಕ್ಕಳಾಗುತ್ತಾರೆ. ಮಗುವಿನ ವೇಳಾಪಟ್ಟಿ ಹಿಡಿದು, ಗಂಟೆಯಾದಾಗಲೆಲ್ಲ ಒಂದು ತರಗತಿಯಿಂದ ಇನ್ನೊಂದಕ್ಕೆ ಓಡಬೇಕು. ಒಂದೊಂದಕ್ಕೆ ಹತ್ತೇ ನಿಮಿಷ. ನನ್ನ ಮಗಳು ಲೋಯಿಸ್ ಕೂರುವ ಜಾಗದಲ್ಲಿ ನಾನು ಕೂತಿದ್ದೆ. ಅದು ಅಮೆರಿಕದ ಇತಿಹಾಸದ ತರಗತಿ.

ಆ ಹತ್ತು ನಿಮಿಷದಲ್ಲಿ ಅಲ್ಲಿ ಒಂದು ತೀರ್ಮಾನವಾಗಬೇಕಿತ್ತು. ಕಲಿಸುವಾಕೆ ಮಿಸ್ ಇಂಗ್ರಿಡ್ ಹಾಲ್ವರ್ಸನ್ ಊರಿಗೆ ಹೊಸಬಳು. ಪಾಠಪುಸ್ತಕದಿಂದ ಒಂದು ಸಾಲು ಆರಿಸಿ ಕೊಡುತ್ತಾಳೆ. ಮಕ್ಕಳು ಅದನ್ನು ಮನೆಯ ಹಿರಿಯರ ಮುಂದಿಟ್ಟು, ಅವರು ಹೇಳಿದ್ದನ್ನು ಕಿವಿಯಲ್ಲೇ ಹೊತ್ತು ತಂದು ಎಲ್ಲರೆದುರು ನಿಂತು ಹೇಳಬೇಕು. ಬರೆದುಕೊಳ್ಳುವ ಹಾಗಿಲ್ಲ. ಇದರ ಬಗ್ಗೆ ದೂರು ಹೋಗಿತ್ತು. ಈ ಸಂಜೆ ತಂದೆತಾಯಿಗಳು ಒಪ್ಪದಿದ್ದರೆ ಸೋಮವಾರದಿಂದ ಪುಸ್ತಕ ಬಿಟ್ಟು ಅತ್ತಿತ್ತ ಸರಿಯಬಾರದೆಂದು ಪ್ರಿನ್ಸಿಪಾಲ್ ಹಾಸ್ಕಿನ್ಸ್ ಆಕೆಗೆ ಹೇಳಿಬಿಟ್ಟಿದ್ದರು. ಊರಿಗೆಲ್ಲ ಗೊತ್ತಿದ್ದ ಸಂಗತಿ. ಅವರೂ ಬಂದು ಹಿಂದಿನ ಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದರು.

ಆ ಪಾಠ ನಿಲ್ಲಬಾರದೆಂದು ನನಗೆ ಬಹಳ ಆಸೆ. ನನ್ನ ತಾಯಿ ಹಿಟ್ಟು ನಾದುತ್ತ ಬೈಬಲಿನ ಕೀರ್ತನೆಗಳನ್ನು ಬಾಯಿಪಾಠ ಹೇಳುತ್ತಿದ್ದಳು, ಕೇಳುತ್ತ ಕೇಳುತ್ತಲೇ ಅವು ನನಗೂ ಬಂದವು. ಊಟದ ಹೊತ್ತಿಗೆ ತಟ್ಟೆಯಿಂದ ತಲೆಯೆತ್ತದಿದ್ದ ಲೋಯಿಸ್ ಈಗ "ಆಮೇಲೆ ಏನಾಯ್ತಪ್ಪ?" ಎನ್ನುತ್ತಾಳೆ. ಆದರೆ ನಾಲ್ಕು ಜನರೆದುರು ಬಾಯಿ ತೆರೆಯುವವನಲ್ಲ ನಾನು. ದೇವರೇ, ಇಲ್ಲಿ ಯಾರಿಗಾದರೂ ಮಾತು ಕೊಡು ಎಂದು ಒಳಗೇ ಬೇಡಿಕೊಂಡೆ.

ಮಾತು ಮೊದಲು ಸಿಕ್ಕಿದ್ದು ಗೇಲ್ ಟಟಲ್‌ಗೆ. ಮಗಳು ಕಾಲೇಜಿಗೆ ಹೋಗಬೇಕು, ವಸಂತದಲ್ಲಿ ಪರೀಕ್ಷೆ, ಅಲ್ಲಿ ಕೇಳುವುದು ಪುಸ್ತಕದ್ದೇ ಹೊರತು ಅಜ್ಜಿಯಂದಿರ ಹರಟೆಯನ್ನಲ್ಲ ಎಂದು ಅವಳು ಖಡಕ್ಕಾಗಿ ಹೇಳಿದಳು. ಕೆಲವರು ತಲೆಯಾಡಿಸಿದರು.

ಮಿಸ್ ಹಾಲ್ವರ್ಸನ್ ವಾದಕ್ಕಿಳಿಯಲಿಲ್ಲ. ಪುಸ್ತಕವನ್ನೂ ಬಿಡುವುದಿಲ್ಲವೆಂದಷ್ಟೇ ಹೇಳಿ, ಈ ವಾರದ ಸಾಲನ್ನು ಓದಿದಳು. ಎರಡನೇ ಮಹಾಯುದ್ಧದ ಕಾಲದಲ್ಲಿ ಹೆಂಗಸರು ಕಾರ್ಖಾನೆಗಳಲ್ಲಿ ದುಡಿದರು, ಇಷ್ಟೇ. ಓದಿ ನಮ್ಮೆಲ್ಲರ ಕಡೆ ನೋಡಿದಳು. ಗೋಡೆಗಡಿಯಾರದಲ್ಲಿ ಅರ್ಧ ಹೊತ್ತು ಆಗಲೇ ಕಳೆದಿತ್ತು.

ಕಿಟಕಿ ಪಕ್ಕದಿಂದ ಓಪಲ್ ರೆನ್‌ಫ್ರೋ ಗಂಟಲು ಸರಿಮಾಡಿಕೊಂಡಳು. ಸೊಸೆಗೆ ಆಸ್ಪತ್ರೆಯಲ್ಲಿ ಕೆಲಸವಿತ್ತೆಂದು ಮೊಮ್ಮಗನ ಪರವಾಗಿ ಬಂದಿದ್ದ ಅಜ್ಜಿ ಆಕೆ. ಗುಬ್ಬಿಯಂಥ ಶರೀರ. ಆಸನದಲ್ಲಿ ಕೂತರೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

"ಅದರಲ್ಲಿ ನಾನೂ ಒಬ್ಳು," ಎಂದಳು.

ವಿಮಾನದ ಕಾರ್ಖಾನೆಯಂತೆ. ಗಿಡ್ಡಗಿದ್ದಳೆಂದು ಅವಳನ್ನು ರೆಕ್ಕೆಯ ಒಳಗೇ ತೂರಿಸುತ್ತಿದ್ದರಂತೆ. ಹೊರಗೆ ಗೆಳತಿ ಹೇಜಲ್ ತಗಡುಗಳನ್ನು ಬಿಗಿಯುವ ರಿವೆಟ್ ಮೊಳೆ ಹೊಡೆಯಬೇಕು, ಒಳಗೆ ಇವಳು ಕತ್ತಲಲ್ಲಿ ಕಬ್ಬಿಣದ ತುಂಡನ್ನು ಒತ್ತಿ ಹಿಡಿದು ಮೊಳೆಯ ತುದಿ ಚಪ್ಪಟೆ ಮಾಡಬೇಕು. ಆ ಸದ್ದಿನಲ್ಲಿ ಮಾತು ಕೇಳಿಸದು. ಒಳಗಿನಿಂದ ಒಂದು ಸಲ ತಟ್ಟಿದರೆ ಸರಿಯಾಗಿದೆ, ಎರಡು ಸಲ ತಟ್ಟಿದರೆ ಮತ್ತೆ ಹೊಡಿ. ಅಜ್ಜಿ ಬೆರಳ ಗೆಣ್ಣಿನಿಂದ ಮೇಜನ್ನು ಎರಡು ಸಲ ತಟ್ಟಿ ತೋರಿಸಿದಳು. "ಹೇಜಲ್‌ಗೆ ಎರಡು ಸಲ ತಟ್ಟಿದ್ರೆ ಸಿಟ್ಟು ಬರ್ತಿತ್ತು. ನಂಗೂ ಅವಳಿಗೂ ಜಗಳ ಆದ ದಿನ ಬೇಕಂತಲೇ ತಟ್ಟೋಳು ನಾನು."

ಎಲ್ಲರೂ ನಕ್ಕರು. ಗೇಲ್ ಮಾತ್ರ ನಗಲಿಲ್ಲ. "ನಮ್ಮಮ್ಮನೂ ಅಲ್ಲಿಗೇ ಹೋಗ್ತಿದ್ರು, ಮಿಸೆಸ್ ರೆನ್‌ಫ್ರೋ," ಎಂದಳು ಮೆಲ್ಲಗೆ. "ಇದ್ಯಾವುದನ್ನೂ ನನಗೆ ಹೇಳಿಲ್ಲ."

"ನೀನು ಕೇಳಿದ್ಯಾ?"

ಗೇಲ್ ಕೈಲಿದ್ದ ವೇಳಾಪಟ್ಟಿಯನ್ನು ಮಡಿಚಿದಳು. ವರ್ನ್ ಅವಳ ಭುಜದ ಮೇಲೆ ಕೈಯಿಟ್ಟ.

ಅಜ್ಜಿ ಮುಂದುವರಿಸಿದಳು. ಕೊನೆಯ ತಗಡು ಕೂರಿಸಿ ರೆಕ್ಕೆ ಮುಚ್ಚುವ ಮುನ್ನ ಅವರಿಬ್ಬರೂ ಆ ಕಿಂಡಿಯೊಳಗೆ ತಲೆಹಾಕಿ ಒಂದು ಮಾತು ಹೇಳುತ್ತಿದ್ದರಂತೆ. ಪ್ರತಿ ರೆಕ್ಕೆಗೂ ಅದೇ ಮಾತು. ಆಮೇಲೆ ಮುಚ್ಚಿಬಿಡುವುದು, ಮಾತು ಒಳಗೇ ಇರಲಿ ಎಂದು.

ಅಷ್ಟರಲ್ಲಿ ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಗಣಿತದ ಮೇಷ್ಟ್ರು ಬಾಗಿಲಲ್ಲಿ ಇಣುಕಿ, ತಮ್ಮ ಗಿರಾಕಿಗಳೆಲ್ಲ ಎಲ್ಲಿ ಎಂದು ಕೇಳಿದವರು ತಾವೂ ಅಲ್ಲೇ ನಿಂತರು. ಹಾಸ್ಕಿನ್ಸ್ ಗೋಡೆ ಬಿಟ್ಟು ಮುಂದೆ ಬಂದರು. ಎಲ್ಲರನ್ನೂ ಎಬ್ಬಿಸುತ್ತಾರೆಂದುಕೊಂಡೆ. ಅವರು ಅಜ್ಜಿಯ ಮೇಜಿನ ಪಕ್ಕ ಮಂಡಿಯೂರಿ ಕೂತರು.

"ಅಂಥದ್ದೇ ಒಂದು ವಿಮಾನದ ಬಾಲದಲ್ಲಿ ಕೂತು ಬಂದೂಕು ಹಿಡೀತಿದ್ದೆ ನಾನು," ಎಂದರು. ಇಷ್ಟು ವರ್ಷಗಳಲ್ಲಿ ಅವರ ಬಾಯಿಂದ ಯುದ್ಧದ ಸುದ್ದಿ ಬಂದದ್ದು ನಮಗ್ಯಾರಿಗೂ ನೆನಪಿರಲಿಲ್ಲ. "ರೆಕ್ಕೆ ತುಂಬ ತೂತು ಮಾಡ್ಕೊಂಡೂ ವಾಪಸ್ ಬಂದ್ವಿ. ಒಳಗೆ ಏನ್ ಹೇಳ್ತಿದ್ರಿ ಅಮ್ಮ? ದಯವಿಟ್ಟು ಹೇಳಿ."

ಓಪಲ್ ಅವರ ಕೆನ್ನೆ ತಟ್ಟಿದಳು. ಮಿಸ್ ಹಾಲ್ವರ್ಸನ್ ಪುಸ್ತಕವನ್ನು ಎದೆಗೊತ್ತಿಕೊಂಡು ನಿಂತಿದ್ದಳು.

"ಸೋಮವಾರ ನನ್ ಮೊಮ್ಮಗ ಇದೇ ಕೋಣೇಲಿ ನಿಂತು ಹೇಳ್ತಾನೆ. ಬಂದು ಕೂತ್ಕೊಂಡು ಕೇಳಿ," ಎಂದಳು ಅಜ್ಜಿ. "ನಾನಂತೂ ಹೇಳಲ್ಲ."