ಕೆಂಪು ನೀರು

"ನೀರಿಗೆ ಕೆಂಪು ಬಣ್ಣ ಯಾಕೆ ಅಂತ ಮೂರು ಜನ ತಾಯಂದಿರು ಫೋನ್ ಮಾಡಿದಾರೆ," ಎನ್ನುತ್ತ ಹೆಡ್ ಮೇಡಂ ಹಾಳೆಯನ್ನು ಮೇಜಿನ ಮೇಲೆ ಟೀಚರ್ ಕಡೆಗೆ ತಳ್ಳಿದರು.

ಒಂದನೇ ತರಗತಿಯ ಹಾಳೆ. ನಡುವೆ ದಪ್ಪ ಹೊಟ್ಟೆಯ ಒಂದು ಮೀನು, ಸುತ್ತ ನೀರು. ಒಂದೊಂದು ಅಲೆಯೊಳಗೂ ಒಂದೊಂದು ಪುಟ್ಟ ಲೆಕ್ಕ. ಕೂಡಿಸಬೇಕು, ಉತ್ತರಕ್ಕೆ ತಕ್ಕ ಬಣ್ಣ ತುಂಬಬೇಕು. ಹನ್ನೆರಡು ಬಂದರೆ ಕೆಂಪು ಎಂದು ಕೆಳಗೆ ಟೀಚರೇ ಬರೆದಿದ್ದರು.

"ನೀರು ನೀಲಿ ಅಂತ ಮಕ್ಕಳಿಗೆ ಮೊದಲೇ ಗೊತ್ತಲ್ಲ ಮೇಡಂ. ನೀಲಿ ಅಂತಾನೇ ಕೊಟ್ರೆ ಯಾರೂ ಕೂಡಿಸೋದೇ ಇಲ್ಲ, ಸುಮ್ನೆ ಬಳಿದುಬಿಡ್ತಾರೆ. ಅದಕ್ಕೇ ಬೇಕು ಅಂತ ತಲೆಕೆಳಗು ಮಾಡಿದೀನಿ."

"ಅದೆಲ್ಲ ಸರಿ ಮಾಡಿಸಿದೀನಿ ಬಿಡಿ, ನೀರಿಗೆ ನೀಲಿ, ಎಲೆಗೆ ಹಸಿರು ಅಂತ. ನೂರಿಪ್ಪತ್ತು ಹಾಳೇನೂ ಹೊಸದಾಗಿ ಅಚ್ಚಾಗಿ ಬಂದಿವೆ." ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಕಹಿ ಮಾತು ಬರುವ ಮುಂಚೆ ಅವರು ಮಾಡುವ ಕೆಲಸ ಅದು. "ಸೋಮವಾರದಿಂದ ಒಂದನೇ ತರಗತೀನ ನಮ್ಮ ಆಫೀಸಿನ ಹುಡುಗೀನೇ ನೋಡ್ಕೋತಾಳೆ. ಬೇಜಾರು ಮಾಡ್ಕೋಬೇಡಿ. ಇದಕ್ಕೆ ತಯಾರಿ ಏನೂ ಬೇಡ, ಯಾರು ಬೇಕಾದ್ರೂ ಹಂಚಬಹುದು ಅಂತ ನೀವೇ ಬರೆದಿದೀರಲ್ಲ."

ಬರೆದಿದ್ದರು, ಸುಳ್ಳೇನಲ್ಲ. ಹೋದ ವರ್ಷ ಹೊಟ್ಟೆಯ ಆಪರೇಷನ್ನಿಗೆ ರಜೆ ಹಾಕುವ ಮುಂಚೆ, ತಾನಿಲ್ಲದೆ ಮಕ್ಕಳು ಹಿಂದೆ ಬೀಳಬಾರದೆಂದು ಜೀವ ತೇಯ್ದು ಬಿಡಿಸಿದ ನೂರಿಪ್ಪತ್ತು ಹಾಳೆಗಳು. ಲೆಕ್ಕವೂ ಆಯಿತು, ಚಿತ್ರವೂ ಆಯಿತು. ಬದಲಿಗೆ ಬರುವವರಿಗೆ ಕಷ್ಟವಾಗದಿರಲಿ ಎಂದು ಮೊದಲ ಪುಟದಲ್ಲಿ ಆ ಸಾಲು ಬರೆದದ್ದೂ ತಾನೇ. ಹತ್ತೊಂಬತ್ತು ವರ್ಷದ ಕೆಲಸವನ್ನು ಆ ಒಂದು ಸಾಲು ನುಂಗಿ ನೀರು ಕುಡಿದಿತ್ತು. ಟೀಚರಿಗೆ ಅಳು ಬರಲಿಲ್ಲ, ತನ್ನ ಮೇಲೆಯೇ ಸಿಟ್ಟು ಬಂತು.

ಶುಕ್ರವಾರ ಕೊನೆಯ ದಿನ. ಕೆಲಸ ತೋರಿಸಿಕೊಡಲೆಂದು ಟೀಚರ್ ಹಿಂದಿನ ಬೆಂಚಿನಲ್ಲಿ ಕುಳಿತರು. ಆಫೀಸಿನ ಹುಡುಗಿ ಹಾಳೆ ಹಂಚಿದಳು. ಕೆಟ್ಟವಳಲ್ಲ, ಪಾಪ. ಮಕ್ಕಳ ಮೇಲೆ ಒಮ್ಮೆಯೂ ದನಿ ಎತ್ತಲಿಲ್ಲ. ಇಪ್ಪತ್ತೆಂಟು ಮಕ್ಕಳೂ ತಲೆ ಬಗ್ಗಿಸಿ ಬಳಿಯತೊಡಗಿದರು. ತರಗತಿ ಇಷ್ಟು ತಣ್ಣಗಿದ್ದುದನ್ನು ಟೀಚರ್ ಕಂಡೇ ಇರಲಿಲ್ಲ.

ಎಲ್ಲರಿಗಿಂತ ಮೊದಲು ಮುಗಿಸಿದವಳು ಗುಬ್ಬಿ. ಹಿಡಿಯಷ್ಟಿದ್ದ ಅವಳಿಗೆ ಟೀಚರೇ ಇಟ್ಟ ಹೆಸರು. ಎದುರಿಗೆ ಅಂಗಿ ಗುಂಡಿಗಳನ್ನು ಹರವಿ, ಬೆರಳಿನಿಂದ ಒಂದೊಂದನ್ನೇ ಸರಿಸದೆ ಅವಳಿಗೆ ಮೂರಕ್ಕೆ ಎರಡೂ ಕೂಡುತ್ತಿರಲಿಲ್ಲ.

"ನೋಡಿ ಮಿಸ್, ಒಂದೂ ತಪ್ಪಿಲ್ಲ!" ಆಫೀಸಿನ ಹುಡುಗಿ ಹಿಗ್ಗಿ ಹಾಳೆಯ ಮೇಲೆ ನಕ್ಷತ್ರ ಅಂಟಿಸಿದಳು. "ನೀವು ಸುಮ್ನೆ ಹೆದರಿಸಿದ್ರಿ, ಇವಳು ನಿಧಾನ ಅಂತ."

ಟೀಚರ್ ಗುಬ್ಬಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಮೆಲ್ಲಗೆ ಕೇಳಿದರು. "ಏಳಕ್ಕೆ ಐದು ಕೂಡಿದ್ರೆ ಎಷ್ಟು ಪುಟ್ಟಾ?"

ಗುಬ್ಬಿ ಹಾಳೆಯ ಮೇಲೆಲ್ಲ ಕಣ್ಣಾಡಿಸಿ, ಆ ಲೆಕ್ಕವಿದ್ದ ಅಲೆಯನ್ನು ಹುಡುಕಿ ಬೆರಳಿಟ್ಟಳು. ಮುಖ ಅರಳಿತು.

"ನೀಲಿ, ಮಿಸ್."

ಆಫೀಸಿನ ಹುಡುಗಿ ಆಗಲೇ ಮುಂದಿನ ಬೆಂಚಿಗೆ ಹೋಗಿದ್ದಳು. ಟೀಚರ್ ಚೀಲದಿಂದ ಗುಂಡಿ ಡಬ್ಬಿ ತೆಗೆದರು. ಈ ಕಡೆ ಏಳು, ಆ ಕಡೆ ಐದು ಇಟ್ಟರು. "ಎಣಿಸು ನೋಡೋಣ. ಅವಸರ ಇಲ್ಲ."

ಗುಬ್ಬಿ ಬೆರಳಿನಿಂದ ಒಂದೊಂದನ್ನೇ ಸರಿಸಿದಳು. ಒಂದು, ಎರಡು, ಮೂರು. ಆರಕ್ಕೆ ಬಂದು ತಪ್ಪಿ, ಮತ್ತೆ ಮೊದಲಿನಿಂದ ಹಿಡಿದಳು. ಒಂಬತ್ತನ್ನು ಸರಿಸುವಷ್ಟರಲ್ಲಿ ಮನೆಗೆ ಬಿಡುವ ಗಂಟೆ ಹೊಡೆಯಿತು. ಅವಳು ನಕ್ಷತ್ರದ ಹಾಳೆಯನ್ನು ಎದೆಗವಚಿಕೊಂಡು, "ಅಮ್ಮಂಗೆ ತೋರಿಸ್ಬೇಕು," ಎಂದು ಓಡಿದಳು.

ಟೀಚರ್ ಏಳಲಿಲ್ಲ. ಬೆಂಚಿನ ಮೇಲೆ ಎಣಿಸಿದ ಒಂಬತ್ತು ಗುಂಡಿಗಳು ಒಂದು ಕಡೆ ಗುಡ್ಡೆಯಾಗಿದ್ದವು. ಉಳಿದ ಮೂರು ಆಚೆ ಕಡೆ ಹಾಗೇ ಇದ್ದವು.